ಪರದೆಯ ಹಿಂದೆ ‘ನಾಳೆ ಬಾ’

ಚಿಕ್ಕಂದಿನಲ್ಲಿ ಕೇಳಿದ ಕತೆಯ ಪ್ರಕಾರ, ಚಂದ್ರಿಕಾ ಟಾಕೀಸಿನ ಪರದೆಯಿಂದ ದೆವ್ವವೊಂದು ಹೊರಗೆ ಕಾಲಿಡಲು ಬಂದು, ಕೊಟ್ರೇಶ ಬರೆದ ಅಕ್ಷರ ಓದಿ ಹಿಂದಿರುಗಿತಂತೆ. ದೆವ್ವಕ್ಕೆ ಕನ್ನಡ ಕಲಿಸಿದವರು ಯಾರು ಎಂದು ಕೇಳಿದರೆ ಕತೆ ಹೇಳುವವರು ತಲೆಗೊಂದು ಮೊಟಕುತ್ತಿದ್ದರು. ದೆವ್ವದ ಮಾತು ಹಾಗಿರಲಿ. ಕೊಟ್ರೇಶನಂತೂ ಇದ್ದ, ಅವನ ತಾಯಿ ಹಾಲವ್ವನೂ ಇದ್ದಳು.

ಹಾಲವ್ವ ಟಾಕೀಸಿನ ಮುಂದೆ ಮಂಡಕ್ಕಿ, ಮಿರ್ಚಿ ಮಾರುವವಳು. ಮಗ ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ಅವಳ ಹಣೆಬರಹ. ಟಾಕೀಸಿಗೆ ಬರುತ್ತಿದ್ದುದು ದೆವ್ವದ ಸಿನಿಮಾಗಳು ಮಾತ್ರ: ಊರೆಲ್ಲ ಬಲ್ಲ ಹಳೆಯವು, ಯಾರೂ ಹೆಸರು ಕೇಳದವು. ಜನ ಮಾತ್ರ ಬರುತ್ತಿರಲಿಲ್ಲ.

“ಈ ತಿಂಗಳೂ ಕುರ್ಚಿ ಖಾಲಿ ಬಿದ್ರೆ ಭತ್ತದ ಗೋದಾಮು ಮಾಡ್ತೀನಿ!” ಎಂದರು ಮಾಲೀಕ ಚನ್ನವೀರ ಸಾವ್ಕಾರರು.

ಗೋದಾಮಿನ ಮುಂದೆ ಮಿರ್ಚಿ ಕೊಳ್ಳುವವರು ಯಾರು? ಹಾಲವ್ವ ಕೈಮುಗಿದಳು. “ನನ್ನ ಮಗ ಮೊದ್ಲೇ ಸಿನಿಮಾ ನೋಡಿ, ಹೆಂಗೈತೆ ಅಂತ ಪೇಟೇಲಿ ಮೈಕಿನಾಗೆ ಹೇಳ್ತಾನೆ ಸಾವ್ಕಾರ್ರೇ. ಜನ ಬಂದೇ ಬರ್ತಾರೆ!”

ಮಗನಿಗೆ ಹೇಳಿದಳು: “ಇದ್ದದ್ದನ್ನ ಇದ್ದಂಗೆ ಹೇಳಪ್ಪಾ!”

ಮೊದಲನೆಯದು ಹಳೆಯ ಕಪ್ಪು-ಬಿಳುಪು ಸಿನಿಮಾ. ಕೊಟ್ರೇಶ ನೋಡಿದ, ಪೇಟೆಗೆ ಹೋದ, ಮೈಕು ಹಿಡಿದ. “ಇದ್ದದ್ದು ಬಿಳೀ ಬಟ್ಟೆ! ಅದರ ಮೇಲೆ ಬೆಳಕು! ದೆವ್ವ ಇರ್ಲಿಲ್ಲ! ಹಿಂದೆ ಹೋಗಿ ನೋಡ್ದೆ, ಒಂದು ಪೊರಕೆ, ಒಂದು ಹಲ್ಲಿ!”

ಜನ ನಕ್ಕು ಮನೆಗೆ ಹೋದರು.

“ಅಯ್ಯೋ ಪೆದ್ದೇ! ಹಲ್ಲಿ ಯಾರಿಗೆ ಬೇಕಿತ್ತೋ? ಕತೆ ಹೇಳ್ಬೇಕು, ಕತೆ!”

“ಹಂಗೇ ಆಗ್ಲವ್ವಾ!”

ಎರಡನೆಯದು ಯಾರೂ ಕೇಳದ ಸಿನಿಮಾ. ನೋಡಿದ, ಹೋದ, ಹಿಡಿದ. ಬಾವಿಗೆ ಬಿದ್ದವಳು ಯಾರು, ತಳ್ಳಿದವನು ಯಾರು, ಕೊನೆಗೆ ದೆವ್ವ ಹಿಸುಕಿದ ಕತ್ತು ಯಾರದು, ಎಲ್ಲವನ್ನೂ ಹೇಳಿದ. ಪೇಟೆ ಉಸಿರು ಬಿಗಿಹಿಡಿದು ಕೇಳಿತು. “ಸಿನಿಮಾ ಚೆನ್ನಾಗಿತ್ತು ಕಣೋ ಕೊಟ್ರಾ!” ಎಂದು ಬೆನ್ನು ತಟ್ಟಿ ಮನೆಗೆ ಹೋಯಿತು.

“ಅಯ್ಯೋ ಪೆದ್ದೇ! ಎಲ್ಲಾ ಹೇಳಿದ್ಮೇಲೆ ನೋಡೋದೇನೋ? ಬಾಯಿ ಮುಚ್ಚು! ಒಂಚೂರು ಹೆದರ್ಸು, ಸಾಕು!”

“ಹಂಗೇ ಆಗ್ಲವ್ವಾ!”

ಮೂರನೆಯದನ್ನೂ ನೋಡಿದ, ಹೋದ, ಮೈಕು ಹಿಡಿಯಲಿಲ್ಲ. ಬಾಯಿಗೆ ಟವೆಲು ಕಟ್ಟಿ, ತಲೆಯ ಮೇಲೆ ಬಿಳಿ ದುಪ್ಪಟಿ ಹೊದ್ದು, ಸೊಪ್ಪು ಮಾರುವ ಅಜ್ಜಿಯ ಹಿಂದೆ ನಿಂತು “ಊಂ…!” ಎಂದ. ಅಜ್ಜಿ ಓಡಿದಳು. ಅಜ್ಜಿಯನ್ನು ಕಂಡು ಪೇಟೆ ಓಡಿತು. ಹಾಲವ್ವನ ಮಂಡಕ್ಕಿ ಬೀದಿಪಾಲಾಯಿತು.

“ಇವತ್ತಿನ ಆಟವೇ ಕೊನೆ. ನಾಳೆ ಭತ್ತ ಬರುತ್ತೆ!” ಎಂದರು ಸಾವ್ಕಾರರು.

“ಅಯ್ಯೋ ಪೆದ್ದೇ!” ಎಂದಳು ಹಾಲವ್ವ. “ಜನರನ್ನ ಓಡಿಸ್ತಾರೇನೋ? ಅವರಿಗೆ ದೆವ್ವದ ಕಾಟ ಆಗದಂಗೆ ನೋಡ್ಕೋಬೇಕು! ಮನೇಲಿ ನಾನು ನೋಡ್ಕೊಂಡಿಲ್ವಾ?”

ಮನೆಯಲ್ಲಿ ಹೇಗೆ ನೋಡಿಕೊಂಡಿದ್ದಳು? ಊರಿನ ಎಲ್ಲ ಬಾಗಿಲುಗಳಂತೆ ಅವಳ ಬಾಗಿಲ ಮೇಲೂ ಕೆಂಪಗೆ ‘ನಾಳೆ ಬಾ’ ಎಂದು ಬರೆದಿತ್ತು. ಬಾಗಿಲು ತಟ್ಟಲು ಬಂದ ದೆವ್ವ ಅದನ್ನೋದಿ ಹಿಂದಿರುಗಬೇಕು. ಮರುದಿನ ಬಂದರೂ ಅದೇ ‘ನಾಳೆ ಬಾ’!

“ಹಂಗೇ ಆಗ್ಲವ್ವಾ!”

ಸಂಜೆಯ ಆಟಕ್ಕೆ ಕೆಲವರು ಬಂದರು, ಕೊಟ್ರೇಶ ಸಿಕ್ಕರೆ ನಾಲ್ಕು ಬಾರಿಸೋಣವೆಂದು. ಅವನು ಕಾಣಲಿಲ್ಲ; ಕುಳಿತು ಸಿನಿಮಾ ನೋಡಿದರು. ಪರದೆಯಲ್ಲಿ ಬಾಗಿಲು ತಟ್ಟುವ ಸದ್ದು. ಕೂದಲು ಕೆದರಿದ ದೆವ್ವ ಮುಂದೆ ಬಂತು, ಬಂತು, ಬಂತು… ಅಷ್ಟರಲ್ಲಿ ಅದರ ಮುಖದ ಮೇಲೆ ತಾನಾಗಿಯೇ ಕೆಂಪು ಗೀರುಗಳು ಮೂಡತೊಡಗಿದವು! ಅಕ್ಷರದಂತೆ, ಆದರೆ ತಿರುಗುಮುರುಗು! ಜನ ಕಿಟಾರನೆ ಕಿರುಚಿದರು. ದೀಪ ಹೊತ್ತಿಸಿ ನೋಡಿದರೆ ಪರದೆಯ ಹಿಂದೆ ಕೊಟ್ರೇಶ, ಕೈಯಲ್ಲಿ ಬಣ್ಣದ ಡಬ್ಬಿ.

“ಪರದೇನೇ ಹಾಳು ಮಾಡಿದ್ಯಲ್ಲೋ!” ಎಂದು ಅಬ್ಬರಿಸಿದರು ಸಾವ್ಕಾರರು. “ಅದೂ ಹಿಂದ್ಗಡೆಯಿಂದ ಯಾಕೋ ಬರೆದೆ?”

“ದೆವ್ವ ಒಳಗಡೆ ಇರೋದಲ್ವಾ ಸಾವ್ಕಾರ್ರೇ? ಒಳಗಿಂದ ಅದು ಓದ್ಬೇಕಲ್ಲ!”

ಬಾರಿಸಲು ಬಂದವರೇ ಹೊಟ್ಟೆ ಹಿಡಿದು ನಕ್ಕರು; ರಾತ್ರಿಯೇ ಊರಿಗೆಲ್ಲ ಸುದ್ದಿ ಮುಟ್ಟಿಸಿದರು.

ಮರುದಿನ ಭತ್ತದ ಲಾರಿ ಬಂದಾಗ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಊರಿಗೂರೇ ಬಾಗಿಲಲ್ಲಿ ನಿಂತಿತ್ತು.

“ಏನ್ರಪ್ಪಾ ಇದು?”

“‘ನಾಳೆ ಬಾ’ ಅಂತ ಬರೆಸಿದ್ರಲ್ಲ ಸಾವ್ಕಾರ್ರೇ! ಬಂದೀವಿ!”

ಲಾರಿ ಹಿಂದಿರುಗಿತು. ಹಾಲವ್ವನಿಗೆ ಬಾಣಲೆಯಿಂದ ತಲೆಯೆತ್ತಲೂ ಪುರುಸೊತ್ತಿರಲಿಲ್ಲ.

ದೆವ್ವ ಓದಿತೋ ಇಲ್ಲವೋ ಹೇಳಲಾಗದು. ನಾನು ದೊಡ್ಡವಳಾದ ಮೇಲೆ ಆ ಪರದೆಯ ಹಿಂದೆ ಇಣುಕಿ ನೋಡಿದ್ದಂತೂ ಆಯಿತು. ಅಕ್ಷರಗಳು ಇವೆ, ಕೆಂಪಗೆ, ನೆಟ್ಟಗೆ. ಪೊರಕೆಯೂ ಇದೆ. ಹಲ್ಲಿ ಮಾತ್ರ ಬೇರೆಯದಿರಬೇಕು.