ಯಾರೂ ನೋಡದ ಬಟ್ಟಲು

ಜಪಾನಿನಲ್ಲಿ ಒಂದು ಸಣ್ಣ ಊರು. ಊರಿನ ಅಂಚಿಗೆ ನದಿ. ನದಿಯ ದಡದಲ್ಲಿ, ಹಿಂದೆ ಅಕ್ಕಿಮೂಟೆ ಪೇರಿಸುತ್ತಿದ್ದ ಒಂದು ಉಗ್ರಾಣ.

ಈಗ ಅಲ್ಲಿ ಅಕ್ಕಿ ಇರಲಿಲ್ಲ. ಒಂದು ಮೇಜು ಇತ್ತು, ಒಂದು ಕಿಟಕಿ ಇತ್ತು, ಇಸುರುಗಿ ಎಂಬ ಹೆಂಗಸು ಇದ್ದರು.

ದಿನಬಳಕೆಯ ವಸ್ತುಗಳಿಗೆ ರೂಪ ಕೊಡುವುದು ಇಸುರುಗಿಯವರ ಕೆಲಸ. ಚಮಚ, ಮಣೆ, ದೀಪ, ಬಾಗಿಲ ಹಿಡಿಕೆ. ಅವರು ಮಾಡಿದ್ದರಲ್ಲಿ ಬೇಡದ ಗೆರೆ ಒಂದೂ ಇರುತ್ತಿರಲಿಲ್ಲ.

ನಗರದಲ್ಲಿ ವಿನ್ಯಾಸ ಓದಿದ ಹಯಾಸೆ ಎಂಬ ತರುಣ ಅವರಲ್ಲಿಗೆ ಶಿಷ್ಯನಾಗಿ ಬಂದ.

"ಏನು ಕಲಿಯೋಕೆ ಬಂದೆ?" ಎಂದರು ಇಸುರುಗಿ.

"ಸರಳವಾಗಿ ಮಾಡೋದನ್ನ."

"ಯಾರಿಗೆ?"

ಹಯಾಸೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆದರೂ ಅವರು ಅವನನ್ನು ಇರಿಸಿಕೊಂಡರು.

ಒಂದು ದಿನ ಓರಿಯೆ ಎಂಬಾಕೆ ಉಗ್ರಾಣಕ್ಕೆ ಬಂದಳು. ಊರಿನ ಕ್ಷೌರಿಕ ಮುನೆಚಿಕಾ ಅವಳ ತಂದೆ. ಊರಿನ ಗಂಡಸರೆಲ್ಲ ತಮ್ಮ ಕುತ್ತಿಗೆಯನ್ನು ಆತನ ಕತ್ತಿಯ ಕೆಳಗೆ ಕೊಟ್ಟು ಹಾಯಾಗಿ ನಿದ್ದೆ ಹೋಗುತ್ತಿದ್ದರು. ಅಷ್ಟು ನಿಶ್ಚಲ ಆತನ ಕೈ.

ಈಗ ಆ ಕೈ ನಡುಗುತ್ತಿತ್ತು.

"ಅಪ್ಪ ನಮ್ಮ ಜೊತೆ ಊಟಕ್ಕೆ ಕೂರೋದನ್ನ ಬಿಟ್ಟಿದ್ದಾರೆ," ಎಂದಳು ಓರಿಯೆ. "ಚಹಾ ಚೆಲ್ಲುತ್ತೆ ಅಂತ. ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡು ಒಬ್ಬರೇ ಕುಡೀತಾರೆ. ಅವರಿಗೊಂದು ಬಟ್ಟಲು ಮಾಡಿಕೊಡ್ತೀರಾ?"

ಇಸುರುಗಿ ಹಯಾಸೆಯತ್ತ ನೋಡಿದರು. "ನೀನು ಮಾಡು."

ಹಯಾಸೆ ಉತ್ಸಾಹದಿಂದ ಕೂತ. ಬಟ್ಟಲಿಗೆ ಎರಡು ಹಿಡಿ ಇಟ್ಟ. ಮೇಲೆ ಮುಚ್ಚಳ, ಮುಚ್ಚಳಕ್ಕೊಂದು ಸಣ್ಣ ಮೂತಿ. ತಲೆಕೆಳಗು ಮಾಡಿ ಅಲ್ಲಾಡಿಸಿದರೂ ತೊಟ್ಟು ಬೀಳುತ್ತಿರಲಿಲ್ಲ.

ಮುನೆಚಿಕಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಬಾಗಿದರು. "ಬಹಳ ಶ್ರಮ ಪಟ್ಟಿದ್ದೀರಿ," ಎಂದರು. ಆಮೇಲೆ ಅದನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದರು. ಮತ್ತೆ ಅದು ಹೊರಗೆ ಬರಲಿಲ್ಲ.

"ಅವರಿಗೆ ಬಳಸೋಕೆ ಗೊತ್ತಾಗಿಲ್ಲ," ಎಂದ ಹಯಾಸೆ, ಬೇಸರದಿಂದ.

ಇಸುರುಗಿ ಓರಿಯೆಯಿಂದ ಆ ಬಟ್ಟಲನ್ನು ತರಿಸಿಕೊಂಡು ಅವನ ಕೈಗಿತ್ತರು.

"ಸ್ಟೇಷನ್ನಿನ ಎದುರಿನ ಹೋಟೆಲಿಗೆ ಹೋಗು. ಮಧ್ಯಾಹ್ನ ಜನ ಇರೋ ಹೊತ್ತಿಗೆ ಹೋಗು. ಇದರಲ್ಲೇ ಚಹಾ ಕುಡಿದು ಬಾ."

ಹಯಾಸೆ ಹೋದ. ಅವನು ಎರಡು ಹಿಡಿ ಹಿಡಿದು ಮೂತಿಗೆ ಬಾಯಿಟ್ಟಾಗ ಪಕ್ಕದ ಮೇಜಿನ ಮಾತು ನಿಂತಿತು. ಒಂದು ಮಗು ಬೆರಳು ತೋರಿಸಿತು. ಅದರ ತಾಯಿ ಬೆರಳನ್ನು ಮಡಿಸಿದಳು. ಹೋಟೆಲಿನ ಯಜಮಾನಿ ಹತ್ತಿರ ಬಂದು, ಕಾಯಿಲೆಯವರ ಹತ್ತಿರ ಮಾತಾಡುವ ಮೆಲುದನಿಯಲ್ಲಿ, "ಇನ್ನೇನಾದರೂ ಬೇಕಾಪ್ಪಾ?" ಎಂದಳು.

ಕಿವಿಯೆಲ್ಲ ಕೆಂಪಾಗಿ ಅವನು ಮರಳಿ ಬಂದ.

"ಚಹಾ ಚೆಲ್ಲಿತಾ?" ಎಂದು ಕೇಳಿದರು ಇಸುರುಗಿ.

"ಇಲ್ಲ."

"ಮತ್ತೇನು ಚೆಲ್ಲಿತು?"



ಎರಡನೆಯ ಸಲ ಅವನು ಎಲ್ಲವನ್ನೂ ತೆಗೆದುಹಾಕಿದ. ಹಿಡಿ ಇಲ್ಲ, ಮುಚ್ಚಳ ಇಲ್ಲ, ಬಣ್ಣ ಇಲ್ಲ. ಹೊಸ ಹಿಮದಷ್ಟು ಬಿಳಿಯ, ಮೊಟ್ಟೆಯ ಚಿಪ್ಪಿನಷ್ಟು ತೆಳುವಾದ ಬಟ್ಟಲು. ಕಿಟಕಿಯ ಬೆಳಕಿಗೆ ಹಿಡಿದರೆ ಬೆರಳ ನೆರಳು ಆಚೆಯಿಂದ ಕಾಣುತ್ತಿತ್ತು.

ತಾನು ಮಾಡಿದ್ದನ್ನು ನೋಡಿ ತಾನೇ ಬೆರಗಾಗಿ, ಗುರುವಿನ ಮುಂದೆ ಇಟ್ಟ.

"ಬೇಡದ್ದೆಲ್ಲ ತೆಗೆದಿದ್ದೀನಿ," ಎಂದ.

ಇಸುರುಗಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಹೌದು. ಎಲ್ಲಾ ತೆಗೆದಿದ್ದೀಯ. ಮುನೆಚಿಕಾ ಅವರನ್ನೂ ತೆಗೆದುಬಿಟ್ಟಿದ್ದೀಯ."

"ಹಾಗಾದ್ರೆ ಏನು ಮಾಡಲಿ, ಗುರುಗಳೇ? ಏನಾದ್ರೂ ಸೇರಿಸಿದ್ರೆ ಅವರಿಗೆ ನಾಚಿಕೆ. ತೆಗೆದ್ರೆ ಚಹಾ ಚೆಲ್ಲುತ್ತೆ."

"ನಿನ್ನ ಗಡ್ಡ ಬೆಳೆದಿದೆ," ಎಂದರು ಇಸುರುಗಿ. "ಕ್ಷೌರದಂಗಡಿಗೆ ಹೋಗು."

"ಅಂಗಡಿ ಮುಚ್ಚಿದೆ. ಅವರ ಕೈ ನಡುಗುತ್ತೆ."

"ಕೂರೋಕೆ ಕುರ್ಚಿ ಇದೆಯಲ್ಲ."

ಹಯಾಸೆ ಹೋಗಿ ಮುಚ್ಚಿದ ಅಂಗಡಿಯಲ್ಲಿ ಕೂತ. ಕನ್ನಡಿಯ ಮುಂದೆ ಅವನೂ ಮುನೆಚಿಕಾ ಅವರೂ ಕೂತಿರುತ್ತಿದ್ದರು. ಮರುದಿನವೂ ಹೋದ. ಅದರ ಮರುದಿನವೂ.

ಒಂದು ಸಂಜೆ ಮುನೆಚಿಕಾ ತಾವಾಗಿಯೇ ಅಂದರು: "ಈ ಕುರ್ಚಿಯಲ್ಲಿ ಕೂತವರು ನನ್ನ ಹತ್ತಿರ ಹೆಂಡತಿಗೂ ಹೇಳದ ಮಾತು ಹೇಳ್ತಿದ್ದರು. ನಾನು ಅವರ ಮುಖ ನೋಡ್ತಿರಲಿಲ್ಲ, ಬರೀ ಗಡ್ಡ ನೋಡ್ತಿದ್ದೆ. ಅದಕ್ಕೇ ಹೇಳ್ತಿದ್ದರು ಅನಿಸುತ್ತೆ."

"ಈಗ?"

"ಈಗ ಮನೆಯವರೆಲ್ಲ ನನ್ನ ಕೈ ನೋಡ್ತಾರೆ. ಪ್ರೀತಿಯಿಂದಲೇ ನೋಡ್ತಾರೆ. ಆದ್ರೆ ನೋಡ್ತಾರೆ. ನಾನು ಏನು ಹೇಳ್ತಿದ್ದೀನಿ ಅಂತ ಯಾರೂ ಕೇಳಿಸಿಕೊಳ್ಳಲ್ಲ."

ಆ ದಿನ ಹಯಾಸೆ ನದಿಯ ದಾರಿಯಲ್ಲಿ ಬಹಳ ನಿಧಾನವಾಗಿ ನಡೆದು ಬಂದ.

ಮರುದಿನದಿಂದ ಅವನೂ ಆ ಕೈಯನ್ನು ನೇರವಾಗಿ ನೋಡುವುದನ್ನು ಬಿಟ್ಟ. ಕನ್ನಡಿಯಲ್ಲಿ ಕಂಡಷ್ಟು ಕಂಡ. ಹಗುರವಾದದ್ದನ್ನು ಹಿಡಿದಾಗ ಕೈ ಹೆಚ್ಚು ನಡುಗುತ್ತಿತ್ತು. ಇಸ್ತ್ರಿಪೆಟ್ಟಿಗೆ ಎತ್ತಿದಾಗ ನಡುಕ ಕೊಂಚ ತಗ್ಗುತ್ತಿತ್ತು. ಅಂಗಡಿಯಲ್ಲಿ ಮುನೆಚಿಕಾ ಕುಡಿಯುವ ಚಹಾ ಚೆಲ್ಲುತ್ತಿದ್ದದ್ದು ಬಟ್ಟಲು ಎತ್ತುವಾಗಲ್ಲ, ತುಟಿಯ ಹತ್ತಿರ ಬಂದಾಗ. ಅಲ್ಲಿ ಭಯ ಕೈಗೆ ಸೇರಿಕೊಳ್ಳುತ್ತಿತ್ತು.

ಹಯಾಸೆ ಮಣ್ಣು ಕಲಸಿದ. ಬಟ್ಟಲಿನ ತಳ ದಪ್ಪ ಮಾಡಿ ಭಾರವನ್ನು ಅಲ್ಲಿಟ್ಟ. ಅಂಚಿನ ಒಳಗಡೆ, ಹೊರಗೆ ಕಾಣದ ಹಾಗೆ, ಗೋಡೆಯನ್ನು ತುಸುವೇ ಒಳಕ್ಕೆ ಬಾಗಿಸಿದ. ಮೇಲೆದ್ದ ಅಲೆ ಅಲ್ಲಿಗೆ ತಗುಲಿ ಹಿಂದಕ್ಕೆ ಮಗುಚಬೇಕು. ಬೆರಳು ಕೂರುವ ಕಡೆ ಹೊಳಪು ಕೊಡದೆ ಒರಟಾಗಿ ಬಿಟ್ಟ.

ಮಾಡಿದ, ಒಡೆದ. ಮತ್ತೆ ಮಾಡಿದ, ಮತ್ತೆ ಒಡೆದ. ಬಾಗು ಹೆಚ್ಚಾದರೆ ಕುಡಿಯಲು ಬರುತ್ತಿರಲಿಲ್ಲ, ಕಡಿಮೆಯಾದರೆ ಅಲೆ ನಿಲ್ಲುತ್ತಿರಲಿಲ್ಲ. ಉಗ್ರಾಣದ ಹಿಂದೆ ಚೂರುಗಳ ಗುಡ್ಡೆ ಬೆಳೆಯಿತು. ಇಸುರುಗಿ ಚೂರು ತುಳಿಯದಂತೆ ದಾರಿ ಗುಡಿಸಿಕೊಡುತ್ತಿದ್ದರು, ಅಷ್ಟೆ.

ಕೊನೆಗೊಂದು ದಿನ ಅವನು ತಂದಿಟ್ಟ ಬಟ್ಟಲು ಯಾವ ಮನೆಯಲ್ಲಾದರೂ ಇರಬಹುದಾದ ಬಟ್ಟಲಿನಂತೆಯೇ ಇತ್ತು. ಬೂದುಬಣ್ಣ, ಸಾದಾ.

ಇಸುರುಗಿ ಅದನ್ನು ಎತ್ತಿದರು. ಅವರ ಹುಬ್ಬು ಮೇಲೇರಿತು. ಅದರ ಭಾರ ಕೈಗೆ ತಿಳಿಯಿತು, ಕಣ್ಣಿಗೆ ತಿಳಿದಿರಲಿಲ್ಲ.

"ಇಂಥದ್ದೇ ಇನ್ನಷ್ಟು ಮಾಡು," ಎಂದರು. "ಆ ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು."

ಹೊಸವರ್ಷದ ಊಟಕ್ಕೆ ಓರಿಯೆ ಗುರು ಶಿಷ್ಯ ಇಬ್ಬರನ್ನೂ ಕರೆದಳು. ಮೇಜಿನ ಮೇಲೆ ಎಲ್ಲರ ಮುಂದೆಯೂ ಅದೇ ಬೂದು ಬಟ್ಟಲು. ಮುನೆಚಿಕಾ ಹಿಂದಿನ ಕೋಣೆಯಿಂದ ಬಂದು, ಬಾಗಿಲ ಹತ್ತಿರವೇ, ಬೇಕಾದರೆ ಎದ್ದು ಹೋಗಲು ಅನುಕೂಲವಾಗುವ ಹಾಗೆ ಕೂತರು.

ಓರಿಯೆಯ ಗಂಡ ತಾನು ಹಿಡಿದ ಮೀನಿನ ಕಥೆ ಹೇಳುತ್ತಿದ್ದ. ಮಕ್ಕಳು ನಗುತ್ತಿದ್ದರು.

ಮುನೆಚಿಕಾ ಬಟ್ಟಲು ಎತ್ತಿದರು.

ಮುದುಕನ ಕೈ ನಡುಗಿತು. ಬಟ್ಟಲೊಳಗೆ ಚಹಾ ಎದ್ದಿತು, ಅಂಚಿನ ತನಕ ಏರಿತು, ಕಾಣದ ಬಾಗಿಗೆ ತಗುಲಿ, ದಡಕ್ಕೆ ಬಂದ ಸಮುದ್ರದ ಹಾಗೆ ಮಗುಚಿ ಹಿಂದಕ್ಕೆ ಹೋಯಿತು. ಮತ್ತೆ ಎದ್ದಿತು, ಮತ್ತೆ ಹೋಯಿತು. ಬಟ್ಟಲು ತುಟಿ ಮುಟ್ಟಿತು.

ಒಂದು ಹನಿಯೂ ಹೊರಗೆ ಬರಲಿಲ್ಲ.

ಯಾರೂ ಅತ್ತ ನೋಡಲಿಲ್ಲ. ಮೀನಿನ ಕಥೆ ಮುಂದುವರಿಯುತ್ತಲೇ ಇತ್ತು.

"ಸುಳ್ಳು ಹೇಳಬೇಡ," ಎಂದು ಮುನೆಚಿಕಾ ಇದ್ದಕ್ಕಿದ್ದಂತೆ ಅಳಿಯನಿಗೆ ಅಂದರು. "ಆ ಮೀನು ಅಷ್ಟು ದೊಡ್ಡದಿರಲಿಲ್ಲ. ನಾನೂ ನೋಡಿದ್ದೀನಿ." ಬಟ್ಟಲು ಹಿಡಿದ ಕೈಯನ್ನೇ ಚಾಚಿ ಮೀನು ಎಷ್ಟಿತ್ತೆಂದು ತೋರಿಸಿದರು. ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಮುನೆಚಿಕಾ ಎಲ್ಲರಿಗಿಂತ ಜೋರಾಗಿ ನಕ್ಕು, ಬಾಗಿಲ ಹತ್ತಿರದಿಂದ ಮೇಜಿನ ನಡುವಿಗೆ ಸರಿದು ಕೂತರು.

ಹಯಾಸೆಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಜಗಲಿಗೆ ಹೋದ. ನದಿಯ ಮೇಲೆ ಹಿಮ ಬೀಳುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂದಿತ್ತು, ಯಾಕೆಂದು ಅವನಿಗೇ ತಿಳಿಯಲಿಲ್ಲ.

ಇಸುರುಗಿ ಹಿಂದೆಯೇ ಬಂದರು. ಒಳಗಿನ ನಗು ಕೇಳಿಸುತ್ತಿತ್ತು. ಅವರು ಮುಚ್ಚಿದ ಬಾಗಿಲ ಕಡೆ ತಿರುಗಿ, ಗುಡಿಯ ಮುಂದೆ ನಿಂತವರಂತೆ ಕೈ ಜೋಡಿಸಿದರು.

ಆಮೇಲೆ ಆ ಬಟ್ಟಲು ತಾನಾಗಿಯೇ ದಾರಿ ಹುಡುಕಿಕೊಂಡಿತು. ಪಕ್ಕದ ಬೀದಿಯ ಮುದುಕಿಗೆ ಬೇಕಾಯಿತು. ಆಮೇಲೆ ಆಸ್ಪತ್ರೆಗೆ, ಆಮೇಲೆ ಆಚೆ ಊರುಗಳಿಗೆ. ಬಟ್ಟಲು ಕೊಂಡವರು ಚಮಚ ಕೇಳಿದರು. ಚಮಚ ಕೊಂಡವರು ಸ್ನಾನದ ಮಣೆ ಕೇಳಿದರು. ಕೆಲಸ ಕಲಿಯಲು ದೂರದೂರದಿಂದ ಹುಡುಗ ಹುಡುಗಿಯರು ಬಂದರು. ಪಕ್ಕದ ಉಗ್ರಾಣದ ಬಾಗಿಲೂ ತೆರೆಯಿತು. ಮೇಜು ಉದ್ದವಾಗುತ್ತ ಹೋಯಿತು. ಇಸುರುಗಿಯವರ ಕೂದಲು ಬೆಳ್ಳಗಾಯಿತು. ಹಯಾಸೆ ಈಗ ತಾನೇ ಕಲಿಸುವವನಾದ.

ವರ್ಷಗಳು ಕಳೆದವು. ರಾಜಧಾನಿಯಲ್ಲಿ ಒಂದು ದೊಡ್ಡ ಪ್ರದರ್ಶನ ನಡೆಯಿತು. ನಿಮ್ಮ ಸ್ಟುಡಿಯೋದ ಅತ್ಯುತ್ತಮ ಕೆಲಸ ಕಳಿಸಿ ಎಂದು ಅದರ ಏರ್ಪಾಡು ಮಾಡಿದವರು ಕೇಳಿದ್ದರು. ಹಯಾಸೆ ಆ ಬಟ್ಟಲನ್ನು ತಾನೇ ಕೊಂಡೊಯ್ದ.

ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗೆ ಅದನ್ನು ಇಟ್ಟರು. ಜನ ಬಂದರು. ಬಟ್ಟಲಿನ ಮುಂದೆ ಯಾರೂ ನಿಲ್ಲಲಿಲ್ಲ. ಪಕ್ಕದಲ್ಲಿ ಹಂಸದಂತಹ ಕುರ್ಚಿಯೊಂದಿತ್ತು, ಅದರ ಸುತ್ತ ಗುಂಪು. "ಇದೇನು, ಬರೀ ಬಟ್ಟಲು," ಎಂದು ಯಾರೋ ಹೇಳಿದ್ದು ಹಯಾಸೆಯ ಕಿವಿಗೆ ಬಿತ್ತು.

ಅದೇ ಪ್ರದರ್ಶನದಲ್ಲಿ ಒಂದು ದೊಡ್ಡ ಕಂಪನಿಯವರು ಅವನನ್ನು ಕಂಡರು. "ನಮ್ಮಲ್ಲಿಗೆ ಬನ್ನಿ. ನೀವು ಮಾಡಿದ್ದಕ್ಕೆಲ್ಲ ನಿಮ್ಮ ಹೆಸರೇ ಇರುತ್ತೆ. ನೋಡಿದವರು ತಿರುಗಿ ನೋಡುವಂಥದ್ದು ಮಾಡೋಣ," ಎಂದರು.

ಹಯಾಸೆ ಊರಿಗೆ ಮರಳಿದಾಗ ಮಧ್ಯಾಹ್ನದ ಚಹಾದ ಹೊತ್ತು. ಉದ್ದ ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಅವನು ಇಸುರುಗಿಯವರ ಎದುರು, ತಾನು ಯಾವಾಗಲೂ ಕೂರುವ ಜಾಗದಲ್ಲಿ ಕೂತ.

"ಗುರುಗಳೇ, ನಾನು ಹೊರಡಬೇಕು ಅಂತಿದ್ದೀನಿ."

"ಎಲ್ಲಿಗೆ?"

"ರಾಜಧಾನಿಗೆ. ಇಲ್ಲಿ ನಾವು ಎಷ್ಟೇ ಮಾಡಿದ್ರೂ ಯಾರ ಕಣ್ಣಿಗೂ ಬೀಳಲ್ಲ. ನನ್ನ ವಯಸ್ಸೆಲ್ಲ ಈ ಬಟ್ಟಲಿಗೆ ಹೋಯ್ತು. ಅದರ ಮುಂದೆ ಒಬ್ಬರಾದ್ರೂ ನಿಲ್ಲಲಿಲ್ಲ."

ಇಸುರುಗಿ ತಮ್ಮ ಬೂದು ಬಟ್ಟಲೆತ್ತಿ ಒಂದು ಗುಟುಕು ಕುಡಿದರು. "ಹೋಗಬೇಕು ಅನಿಸಿದ್ರೆ ಹೋಗು," ಎಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. "ಚಹಾ ಮುಗಿಸಿಕೊಂಡು ಹೋಗು."

ಅಷ್ಟರಲ್ಲಿ ಹೊಸದಾಗಿ ಸೇರಿದ್ದ ಚಿಹಾರು ಎಂಬ ಹುಡುಗಿ ತಾನು ಬರೆದ ಚಮಚದ ಚಿತ್ರ ಹಿಡಿದು ಬಂದಳು. "ಈ ಹಿಡಿ ಸರಿ ಬರ್ತಾ ಇಲ್ಲ. ಒಂಚೂರು ತಿದ್ದಿಕೊಡ್ತೀರಾ?"

ಇಸುರುಗಿ ಬಟ್ಟಲು ಕೆಳಗಿಟ್ಟು ಪೆನ್ಸಿಲ್ ತೆಗೆದುಕೊಂಡರು.

ಅಳತೆಪಟ್ಟಿ ಇಲ್ಲದೆ ನೇರ ಗೆರೆ ಎಳೆಯುವ ಕೈ ಅದು. ಅವರು ಕಾಗದಕ್ಕೆ ಪೆನ್ಸಿಲ್ ಮುಟ್ಟಿಸಿದರು. ಗೆರೆ ಹೊರಟಿತು. ಹೊರಟಲ್ಲೇ ನಡುಗಿತು. ಗಾಳಿಗೆ ಸಿಕ್ಕ ನೂಲಿನ ಹಾಗೆ ಕಾಗದದ ತುಂಬ ಅಲೆಯಲೆಯಾಗಿ ಹರಿಯಿತು.

ಇಸುರುಗಿ ಗೆರೆಯನ್ನು ನೋಡಿ ಸಣ್ಣಗೆ ನಕ್ಕರು. "ಹಿಡಿ ಈ ಕಡೆ ಬಾಗಬೇಕು. ಗೆರೆ ನೀನೇ ಎಳೆದುಕೋ, ಮಗಳೇ," ಎಂದು ಪೆನ್ಸಿಲನ್ನು ಚಿಹಾರುವಿಗೆ ಕೊಟ್ಟರು.

ಹಯಾಸೆಯ ಕಣ್ಣು ಗುರುವಿನ ಕೈಯ ಮೇಲಿತ್ತು. ಆ ಕೈ ಮೇಜಿನ ಮೇಲೆ, ಎಲೆಯ ಹಾಗೆ, ಬಿಡದೆ ಅದುರುತ್ತಿತ್ತು.

"ಯಾವಾಗಿನಿಂದ?" ಎಂದ ಹಯಾಸೆ. "ಯಾವಾಗಿನಿಂದ ಹೀಗೆ, ಗುರುಗಳೇ?"

"ಹಿಂದಿನ ವರ್ಷ ಹಿಮ ಕರಗುವ ಮೊದಲಿನಿಂದ."

"ದಿನಾ ನಿಮ್ಮ ಎದುರಿಗೇ ಕೂತು ಚಹಾ ಕುಡಿದಿದ್ದೀನಿ. ದಿನಾ! ನನಗೆ ಕಾಣಲೇ ಇಲ್ಲ."

ಇಸುರುಗಿ ಬಟ್ಟಲನ್ನು ಮತ್ತೆ ಎತ್ತಿಕೊಂಡರು. ಒಳಗೆ ಚಹಾ ಎದ್ದು, ಮಗುಚಿ, ಹಿಂದಕ್ಕೆ ಹೋಯಿತು.

"ಇದರಲ್ಲಿ ಕುಡಿಯುವಾಗ," ಎಂದರು, "ನನಗೂ ಮರೆತುಹೋಗ್ತಿತ್ತು."