ಪಾಸ್ತಾ ಡಬ್ಬಿಯೂ ತಾಯಿ ಇಲಿಯೂ

ಅಂಗಡಿಯ ಹಿತ್ತಲಲ್ಲಿ ಯಾರೋ ಎಸೆದಿದ್ದ, ಬೆಂದ ಪಾಸ್ತಾ ತುಂಬಿದ ತಗಡಿನ ಡಬ್ಬಿಯೊಂದು ತಾಯಿ ಇಲಿಗೆ ಸಿಕ್ಕಿತು. ಮರಿಗಳು ಹಸಿದಿದ್ದವು. ಆದರೂ ಒಳಗೇನಿದೆಯೋ ಎಂಬ ಅಳುಕಿನಿಂದ ಇಲಿಯು ಅಕ್ಷರ ಬಲ್ಲ ಹಲ್ಲಿಯನ್ನು ಕರೆದು, "ಹಲ್ಲಿಯಕ್ಕಾ, ಇದನ್ನು ತಿನ್ನಬಹುದೇ? ಓದಿ ಹೇಳು" ಎಂದು ಬೇಡಿತು.

ಹಲ್ಲಿ ಡಬ್ಬಿಯ ಚೀಟಿಯ ಮೇಲೆ ಹರಿದಾಡಿತು. "ಗೋಧಿ, ಟೊಮೆಟೊ, ಉಪ್ಪು. ಇಲ್ಲಿಯವರೆಗೆ ಸರಿ. ಆಮೇಲೆ ಮುನ್ನೂರ ಮೂವತ್ತು ಎಂದಿದೆ. ಅಂಕಿಯನ್ನು ಯಾರಾದರೂ ಉಣ್ಣುತ್ತಾರೆಯೇ? ಖಂಡಿತ ವಿಷ!"

"ಮಂಕೇ, ಅದು ನಿಂಬೆಯಲ್ಲಿರುವ ಹುಳಿಗೆ ಚೀಟಿಯಲ್ಲಿ ಬರೆಯುವ ಸಂಖ್ಯೆ," ಎಂದಿತು ಬೇಲಿಯ ಮೇಲಿದ್ದ ಕಾಗೆ. "ಊರೆಲ್ಲ ತಿಂದು ಬಂದವನು ನಾನು. ಮುಚ್ಚಳ ಎಳೆಯಲೇ?"

ಹಲ್ಲಿಯ ಮಾತಿಗೆ ಹೆದರಿಕೆ, ಕಾಗೆಯ ಮಾತಿಗೆ ಆಸೆ. ಏನೂ ತೋಚದೆ ಇಲಿ ಡಬ್ಬಿಯನ್ನು ಒಂದು ಸುತ್ತು ಹಾಕಿತು. ಅದರ ಎರಡೂ ತುದಿ ಊದಿಕೊಂಡಿದ್ದವು. ಬೆಸುಗೆಯಿಂದ ಜಿನುಗಿದ ರಸ ನಾತ ಹೊಡೆಯುತ್ತಿತ್ತು.

"ಮುಟ್ಟಬೇಡ ಕಾಗಣ್ಣ, ಕೆಟ್ಟಿದೆ!" ಎಂದು ಕೂಗಿದ ಇಲಿ, ಗೋಣಿಯಿಂದ ಉದುರಿದ್ದ ಜೋಳದ ಕಾಳುಗಳತ್ತ ಮರಿಗಳನ್ನು ನಡೆಸಿತು.

"ಅಮ್ಮಾ, ಅವರಿಬ್ಬರಲ್ಲಿ ಯಾರು ಹೇಳಿದ್ದು ನಿಜ?" ಎಂದು ಮರಿಯೊಂದು ಕೇಳಿತು.

"ನನಗೂ ತಿಳಿಯಲಿಲ್ಲ ಮಗೂ. ಮೂಗು ಹೇಳಿದ್ದಷ್ಟೇ ತಿಳಿಯಿತು."