ಕೆಂಚವ್ವ ವಿಷ ತರೋಕೆ ಹೋದದ್ದು

ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಬಂಡೆಗುಡ್ಡದ ಕೆಳಗೆ ಕೆಂಚವ್ವ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಗಿರಿಯ. ಯಾರ ಮನೆ ಅಟ್ಟದಲ್ಲೋ ಹಿತ್ತಿಲಲ್ಲೋ ಹಾವು ಸೇರ್ಕೊಂಡ್ರೆ ಗಂಡ ಹೆಂಡ್ತಿ ಇಬ್ಬರೂ ಹೋಗಿ, ಮೆತ್ತಗೆ ಹಿಡಿದು, ಬುಟ್ಟೀಲಿ ಹಾಕ್ಕೊಂಡು ಗುಡ್ಡಕ್ಕೆ ಬಿಟ್ಟು ಬರೋರಂತೆ.

ಆ ಸೀಮೆಗೆ ಬೊಮ್ಮನಾಯಕ ಅಂತ ಪಾಳೇಗಾರ. ಅವನಿಗೂ ಗುಡ್ಡದ ಆಚೆ ಕಾರೇಹಳ್ಳಿಯವರಿಗೂ ಕೆರೆ ನೀರಿಗೆ ಜಗಳ ಬಿತ್ತಂತೆ. ಜಗಳದಲ್ಲಿ ನಾಯಕನ ಬಾಮೈದ ಚೆಲುವಯ್ಯನಿಗೆ ಕಲ್ಲೇಟು ಬಿದ್ದು ತಲೆ ಒಡೀತಂತೆ. ನಾಯಕನಿಗೆ ಸಿಟ್ಟು ತಡೀಲಿಲ್ಲ. ಗಿರಿಯನನ್ನ ಕರೆಸಿ, ಈಟಿ ಮೊನೆಗೆ ಸವರೋಕೆ ಒಂದು ಬಟ್ಟಲು ವಿಷ ತಾ ಅಂದನಂತೆ. ಗಿರಿಯ, ಅದೊಂದು ನನ್ನ ಕೈಲಾಗಲ್ಲ ಬುದ್ಧಿ ಅಂದ. ಅಷ್ಟಕ್ಕೇ ಅವನನ್ನ ಕೋಟೆಯ ಕತ್ತಲೆಕೋಣೆಗೆ ಹಾಕಿಬಿಟ್ಟರಂತೆ. ಆಮೇಲೆ ಕೆಂಚವ್ವನಿಗೆ ಹೇಳಿ ಕಳಿಸಿದರಂತೆ, ಬರೋ ಅಮಾವಾಸ್ಯೆಯೊಳಗೆ ನೀನು ವಿಷ ತಂದ್ರೆ ಗಂಡ ಮನೆಗೆ ಬರ್ತಾನೆ, ಇಲ್ಲದಿದ್ರೆ ಇಲ್ಲ ಅಂತ.

ಕಾರೇಹಳ್ಳಿ ಯಾವುದು ಗೊತ್ತಾ ಪುಟ್ಟಿ? ಕೆಂಚವ್ವನ ತವರು. ಅವಳ ಅವ್ವ, ಇಬ್ಬರು ಅಣ್ಣಂದಿರು ಅಲ್ಲೇ ಇದ್ದರು. ವಿಷ ತಂದ್ರೆ ತವರು ಉಳಿಯಲ್ಲ, ತರದಿದ್ರೆ ಗಂಡ ಉಳಿಯಲ್ಲ. ಒಂದು ದಿನ ಪೂರ್ತಿ ಒಲೆ ಹಚ್ಚದೆ ಕೂತಿದ್ದು, ಆಮೇಲೆ ಎದ್ದು ಬಟ್ಟಲು ಸೆರಗಿಗೆ ಕಟ್ಕೊಂಡು ಗುಡ್ಡ ಹತ್ತಿದಳಂತೆ.

ಮೊದಲು ಬಂಡೆಯ ಹೆಜ್ಜೇನಿನ ಹತ್ತಿರ ಹೋದಳಂತೆ. ಆಗ ಹುಳಹುಪ್ಪಟೆಯೆಲ್ಲ ಮಾತಾಡ್ತಿದ್ವು. ಜೇನಿನ ತಾಯಿ ಹೇಳ್ತಂತೆ, ನನ್ನ ಹೆಣ್ಣುಮಕ್ಕಳ ಹಿಂಬದೀಲಿ ವಿಷದ ಚೀಲ ಇದೆ, ಚೀಲಕ್ಕೆ ಮುಳ್ಳಿದೆ, ಮುಳ್ಳಿಗೆ ಕೊಕ್ಕೆ ಇದೆ. ನಿಮ್ಮಂಥವರ ಚರ್ಮಕ್ಕೆ ಚುಚ್ಚಿದ್ರೆ ಮುಳ್ಳು ಅಲ್ಲೇ ಸಿಕ್ಕೊಂಡು, ಹೊಟ್ಟೆ ಕಿತ್ತು ಬಂದು ಅವಳೂ ಸಾಯ್ತಾಳೆ. ಅದಕ್ಕೇ ಗೂಡಿಗೆ ಕೈ ಹಾಕಿದವರನ್ನ ಬಿಟ್ಟು ಇನ್ಯಾರನ್ನೂ ಚುಚ್ಚಬೇಡಿ ಅಂತ ಹೇಳಿದೀನಿ. ನಿನ್ನ ಬಟ್ಟಲು ತುಂಬೋಕೆ ಎಷ್ಟು ಮಕ್ಕಳನ್ನ ಕೊಡಲಿ ಅಂತು. ಕೆಂಚವ್ವ ತಲೆ ತಗ್ಗಿಸಿ ಮುಂದಕ್ಕೆ ಹೋದಳಂತೆ.

ಆಮೇಲೆ ಒಂದು ಚಪ್ಪಡಿ ಎತ್ತಿದ್ರೆ ಅಡೀಲಿ ಕರೀ ಚೇಳು. ಜಿರಲೆ ಹಿಡಿದು ತಿಂತಾ ಇತ್ತಂತೆ, ಕೊಂಡೀಲಿ ಕುಟುಕಿ ಅಲ್ಲ, ಬರೀ ಮುಂದಿನ ಎರಡು ಇಕ್ಕಳದಲ್ಲೇ. ಕುಟುಕಲಿಲ್ವಲ್ಲ ಯಾಕೆ ಅಂತ ಕೇಳಿದಳು. ಇಷ್ಟು ಸಣ್ಣದಕ್ಕೆ ಇಕ್ಕಳ ಸಾಕು ಕಣವ್ವ, ಕೊಂಡಿಯ ಗಂಟಲ್ಲಿರೋದು ನಾಲ್ಕು ಹನಿ, ಖಾಲಿಯಾದ್ರೆ ಮತ್ತೆ ಊರೋಕೆ ದಿನಗಟ್ಟಲೆ ಬೇಕು, ಅಷ್ಟರಲ್ಲಿ ನನ್ನನ್ನೇ ಯಾರಾದ್ರೂ ತಿಂದ್ರೆ ಅಂತು. ಅದೂ ಕೊಡಲಿಲ್ಲ.

ಕೇಳ್ತಿದೀಯಾ? ಹೂಂ. ಆಮೇಲೆ ಹುತ್ತದ ಹತ್ತಿರ ಬಂದಳಂತೆ. ಅಲ್ಲೊಂದು ಮುದಿ ನಾಗರ. ಹಿಂದೊಮ್ಮೆ ಯಾರದೋ ಕೊಟ್ಟಿಗೆಯಲ್ಲಿ ದೊಣ್ಣೆ ಏಟು ತಪ್ಪಿಸಿ ಕೆಂಚವ್ವನೇ ತಂದು ಬಿಟ್ಟಿದ್ದು. ಅದು ಹೆಡೆ ಬಿಚ್ಚಿ ನೋಡಿ, ಗುರುತು ಹಿಡಿದು, ಮತ್ತೆ ಮಡಚ್ಕೊಂಡಿತಂತೆ. ಕೆಂಚವ್ವ ಎಲ್ಲಾನೂ ಹೇಳಿ ಅತ್ತಳು. ನಾಗರ ಅಂತು, ನಿಮ್ಮ ಬಾಯಲ್ಲಿ ಎಂಜಲು ಊರೋ ಹಾಗೆ ನನಗೆ ಕಣ್ಣಿನ ಹಿಂದಿರೋ ಚೀಲದಲ್ಲಿ ವಿಷ ಊರತ್ತೆ, ಪೊಳ್ಳು ಹಲ್ಲಲ್ಲಿ ಇಳಿಯತ್ತೆ. ಅದು ನನ್ನ ಊಟಕ್ಕೆ. ನುಂಗೋಕಾಗದವರು ಎದುರಾದ್ರೆ ಬುಸ್ ಅಂತೀನಿ, ಹೆಡೆ ತೋರಿಸ್ತೀನಿ, ಆದಷ್ಟು ದೂರ ಹೋಗ್ತೀನಿ. ನಿನಗೆ ಕೊಡ್ತೀನಿ. ಆದ್ರೆ ಅದು ಮತ್ತೆ ಊರೋವರೆಗೂ ನೀನು ಇಲ್ಲೇ ಕಾವಲಿರಬೇಕು.

ಕೆಂಚವ್ವ ಬಟ್ಟಲಿನ ಬಾಯಿಗೆ ಮುತ್ತುಗದೆಲೆ ಬಿಗಿದು ಹಿಡಿದಳಂತೆ. ನಾಗರ ಎಲೆಯನ್ನ ಕಚ್ಚಿತು. ಬಟ್ಟಲ ತಳ ಮುಚ್ಚೋಷ್ಟು ವಿಷ ಇಳೀತು, ಜೇನಿನ ಬಣ್ಣದ್ದು. ಆಮೇಲೆ ಏಳು ದಿನ ಅವಳು ಹುತ್ತದ ಮುಂದೆ ಕೂತು ಮುಂಗುಸಿ ಓಡಿಸಿದಳಂತೆ. ಇಲಿಗಳು ಮುಂದೇನೇ ಓಡಾಡಿದ್ರೂ ನಾಗರ ಸುಮ್ಮನೆ ನೋಡ್ತಾ ಮಲಗಿತ್ತಂತೆ. ಎಂಟನೇ ದಿನ ಒಂದು ಇಲಿಯನ್ನ ಒಂದೇ ಸಲ ಕಚ್ಚಿ ನುಂಗಿ, ಇನ್ನು ಹೋಗವ್ವ ಅಂತು.

ಅಮಾವಾಸ್ಯೆಗೆ ಮುಂಚೆಯೇ ಅವಳು ಕೋಟೆಗೆ ಬಂದು ನಾಯಕನ ಮುಂದೆ ಬಟ್ಟಲು ಇಟ್ಟಳು. ವಿಷ ಒಣಗಿ ಹಳದಿ ಹರಳಾಗಿತ್ತಂತೆ. ಇಷ್ಟೇನಾ ಅಂದ ನಾಯಕ. ಒಂದು ಹಾವಿನ ಹತ್ರ ಇರೋದು ಅಷ್ಟೇ ಬುದ್ಧಿ, ಇಷ್ಟು ಕೊಟ್ಟಿದ್ದಕ್ಕೆ ಅದು ಏಳು ದಿನ ಉಪವಾಸ ಬಿತ್ತು ಅಂದಳು. ಬಟ್ಟಲನ್ನ ಅವನ ಕಡೆ ಸರಿಸಿ ಹೇಳಿದಳು.

“ಅದು ತಿನ್ನೋಕೆ ಅಂತ ಕೊಲ್ಲತ್ತೆ ಬುದ್ಧಿ. ಆಚೆ ಊರಲ್ಲಿ ನನ್ನವ್ವ ಇದಾಳೆ, ಅಣ್ಣಂದಿರಿದಾರೆ. ಅವರನ್ನ ಕೊಂದು ನೀವೇನು ತಿಂತೀರಿ?”

ನಾಯಕ ಬಟ್ಟಲು ನೋಡ್ತಾ ಕೂತ. ಪಕ್ಕದಲ್ಲಿ ತಲೆಗೆ ಬಟ್ಟೆ ಸುತ್ಕೊಂಡು ಚೆಲುವಯ್ಯ ಕೂತಿದ್ದ. ಅವನು ನೆಲ ನೋಡ್ತಾ ನಿಧಾನಕ್ಕೆ ಅಂದನಂತೆ:

“ಭಾವ, ಮೊದಲ ಕಲ್ಲು ಬೀಸಿದ್ದು ನಾನು.”

ನಾಯಕನ ಮುಖ ಸಪ್ಪಗಾಯ್ತಂತೆ. ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಆಳುದ್ದ ಗುಂಡಿ ತೋಡಿಸಿ ಬಟ್ಟಲು ಸಮೇತ ವಿಷ ಹೂಳಿಸಿದ. ಬಾಮೈದನನ್ನ ಕರ್ಕೊಂಡು, ಈಟಿ ಇಲ್ಲದೆ, ತಾನೇ ಕಾರೇಹಳ್ಳಿಗೆ ನಡೆದು ಹೋದ. ಆ ಊರ ಹಿರೀಕರು ಮೊದಲು ಬಾಗಿಲು ತೆರೀಲಿಲ್ಲವಂತೆ. ಚೆಲುವಯ್ಯ ಹೊರಗಿಂದಲೇ ತಪ್ಪು ಒಪ್ಕೊಂಡ ಮೇಲೆ ತೆರೆದು ಮಜ್ಜಿಗೆ ಕೊಟ್ಟರಂತೆ. ಕೆರೆ ನೀರು ಮೂರು ದಿನ ಅವರಿಗೆ, ಮೂರು ದಿನ ಇವರಿಗೆ, ಏಳನೇ ದಿನ ದನಕರುಗಳಿಗೆ ಅಂತ ಮಾತಾಯ್ತು.

ಅವತ್ತೇ ಗಿರಿಯನನ್ನ ಬಿಟ್ಟರು. ಕೆಂಚವ್ವ ಬಿಸಿನೀರು ಕಾಯಿಸಿ, ಗಂಡನ ಬೆನ್ನು ಉಜ್ಜಿ, ಮುದ್ದೆ ಸೊಪ್ಪಿನ ಸಾರು ಬಡಿಸಿದಳಂತೆ. ಉಣ್ತಾ ಉಣ್ತಾ ಅವನು ಕೇಳಿದನಂತೆ, ಏಳು ದಿನ ಹಾವಿನ ಮುಂದೆ ಕೂತಿದ್ದೆಯಲ್ಲ, ಭಯ ಆಗಲಿಲ್ವಾ ಅಂತ. ಅಲ್ಲಿ ಆಗಲಿಲ್ಲ, ನಾಯಕರ ಮುಂದೆ ಆಯ್ತು ಅಂದಳಂತೆ. ಇಬ್ಬರೂ ನಕ್ಕು, ಇನ್ನೊಂದೊಂದು ಮುದ್ದೆ ಉಂಡರಂತೆ.

ಅಲ್ಲಿಗೆ ಅವರ ಊಟಾನೂ ಮುಗೀತು, ನನ್ನ ಕತೇನೂ ಮುಗೀತು. ಹೊದ್ಕೊಂಡು ಮಲಗು ಕಂದ.